ಹೊಸ ಎಲ್‌ಪಿಯ ಶ್ರುತಿ ಇಳಿದಿದೆಯೇ?

ಪ್ರಶ್ನೆ: ಚಿಕ್ಕಪ್ಪನವರು 1970ರ ದಶಕದಲ್ಲಿ ಅಮೆರಿಕದಿಂದ ತಂದ, ಜಾಜ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಎಲ್‌ಪಿ (ಗ್ರಾಮಫೋನ್ ತಟ್ಟೆ) ನಮ್ಮಲ್ಲಿದೆ. ಗೀರುಗಳು ಹೆಚ್ಚಾದುದರಿಂದ ಈಚೆಗೆ 180 ಗ್ರಾಂ ತೂಕದ ಮರುಮುದ್ರಣವನ್ನು ಕೊಂಡೆ. ಒಂದೇ ಟರ್ನ್‌ಟೇಬಲ್‌ನಲ್ಲಿ ಎರಡನ್ನೂ ಕೇಳಿದಾಗ ಹೊಸ ತಟ್ಟೆಯ ಮೊದಲ ಬದಿಯ ಶ್ರುತಿ ಇಳಿದಂತೆಯೂ ನಾದ ಮಂಕಾದಂತೆಯೂ ತೋರುತ್ತದೆ. ನಾನು ಕೊಳಲು ನುಡಿಸುವವನು, ಶ್ರುತಿಯ ವಿಷಯದಲ್ಲಿ ಭ್ರಮೆಯಿರಲಾರದು. ದೋಷ ಯಾವುದರಲ್ಲಿದೆ? ಭಾರದ ತಟ್ಟೆಯ ನಾದ ಇನ್ನೂ ಚೆನ್ನಾಗಿರಬೇಕಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ. ಆದರೆ ಹೊಸ ತಟ್ಟೆಯ ಶ್ರುತಿ ಇಳಿದಿಲ್ಲ, ಹಳೆಯದರ ಶ್ರುತಿ ಏರಿದೆ. ಟರ್ನ್‌ಟೇಬಲ್ಲನ್ನು ಸಂಶಯಿಸಬೇಕಾಗಿಲ್ಲ, ಏಕೆಂದರೆ ಅದರ ವೇಗದಲ್ಲಿ ದೋಷವಿದ್ದರೆ ಎರಡು ತಟ್ಟೆಗಳಿಗೂ ಸಮನಾಗಿ ತಟ್ಟುತ್ತಿತ್ತು.

ಈ ಆಲ್ಬಮ್ 1959ರಲ್ಲಿ, ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೋದಲ್ಲಿ, ಅಂದರೆ ಹಿಂದೆ ಚರ್ಚ್ ಆಗಿದ್ದ ಎತ್ತರದ ಕಟ್ಟಡದಲ್ಲಿ, ಧ್ವನಿಮುದ್ರಣಗೊಂಡಿತು. ಮೊದಲ ಬದಿಯ ಮೂರು ರಚನೆಗಳನ್ನು ಮಾರ್ಚ್ 2ರಂದೂ ಎರಡನೇ ಬದಿಯ ಎರಡನ್ನು ಏಪ್ರಿಲ್ 22ರಂದೂ ನುಡಿಸಲಾಯಿತು. ಮಾರ್ಚ್ ತಿಂಗಳ ಆ ದಿನ ಮುಖ್ಯ ಟೇಪ್ ಯಂತ್ರವು ಇರಬೇಕಾದುದಕ್ಕಿಂತ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಓಡಿದ ಟೇಪನ್ನು ಮುಂದೆ ಸರಿಯಾದ ವೇಗದಲ್ಲಿ ಓಡಿಸಿದರೆ ಲಯ ಚುರುಕಾಗುತ್ತದೆ, ಶ್ರುತಿಯೂ ಏರುತ್ತದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಮಾರಾಟವಾದ ತಟ್ಟೆಗಳು ಈ ಏರಿದ ಶ್ರುತಿಯಲ್ಲೇ ಇದ್ದವು. ಅಂದು ಜೊತೆಯಲ್ಲೇ ಮತ್ತೊಂದು ಯಂತ್ರದಲ್ಲಿ ಸಿದ್ಧವಾಗುತ್ತಿದ್ದ ಸುರಕ್ಷತಾ ಪ್ರತಿಯ ವೇಗ ಸರಿಯಾಗಿದ್ದುದರಿಂದ 1992ರಲ್ಲಿ ಈ ತಪ್ಪನ್ನು ತಿದ್ದಲು ಸಾಧ್ಯವಾಯಿತು. ಈಗ ಬರುವ ಮರುಮುದ್ರಣಗಳಲ್ಲಿ ಸಾಮಾನ್ಯವಾಗಿ ತಿದ್ದಿದ ವೇಗವೇ ಇರುತ್ತದೆ.

ಕೊಳಲು ಕೈಯಲ್ಲಿರುವ ನೀವು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಮೊದಲ ರಚನೆಯಾದ ‘ಸೋ ವಾಟ್’, ಪ್ರತಿ ಆವರ್ತದ ನಡುವೆ ಎಂಟು ಬಾರ್‌ಗಳಷ್ಟು (ಬಾರ್ ಎಂದರೆ ಪಾಶ್ಚಾತ್ಯ ಸಂಗೀತದಲ್ಲಿ ತಾಳದ ಒಂದು ಘಟಕ) ಕಾಲ ಅರ್ಧ ಸ್ವರ ಮೇಲೇರುವುದನ್ನು ಬಿಟ್ಟರೆ, ಉದ್ದಕ್ಕೂ ‘ಡಿ’ ಸ್ವರವನ್ನೇ, ಅಂದರೆ ನಮ್ಮ ಎರಡು ಮನೆ ಶ್ರುತಿಯನ್ನೇ, ಆಧಾರವಾಗಿಟ್ಟುಕೊಂಡಿದೆ. ಟರ್ನ್‌ಟೇಬಲ್‌ನ ವೇಗ ನಿಮಿಷಕ್ಕೆ 33⅓ ಸುತ್ತು ಇರುವುದನ್ನು ಖಚಿತಪಡಿಸಿಕೊಂಡು, ಎಲೆಕ್ಟ್ರಾನಿಕ್ ತಂಬೂರಿಯನ್ನು ಎರಡು ಮನೆಗೆ ಇಟ್ಟು ಕೇಳಿದರೆ, ಹಳೆಯ ತಟ್ಟೆ ಅದರೊಂದಿಗೆ ಕೂಡದೆ ಮೇಲಕ್ಕೆ ನಿಲ್ಲುವುದು ಸ್ಪಷ್ಟವಾಗುತ್ತದೆ.

ನಾದ ಮಂಕಾಯಿತೆಂಬ ನಿಮ್ಮ ದೂರಿಗೆ ಬಹುಮಟ್ಟಿಗೆ ಇದೇ ಕಾರಣವೆಂದು ನನ್ನ ಅಭಿಪ್ರಾಯ. ಒಂದೇ ಸಂಗೀತವನ್ನು ತುಸು ಏರಿದ ಶ್ರುತಿಯಲ್ಲಿ, ತುಸು ಬಿರುಸಿನ ಲಯದಲ್ಲಿ ಕೇಳಿದಾಗ ಅದು ಹೆಚ್ಚು ಹೊಳಪಿನದೆಂದು ಅನ್ನಿಸುತ್ತದೆ, ವರ್ಷಗಟ್ಟಲೆ ಹಾಗೆಯೇ ಕೇಳಿ ರೂಢಿಯಾದವರಿಗಂತೂ ಸರಿಯಾದದ್ದೇ ಸಪ್ಪೆಯೆನಿಸುತ್ತದೆ. ಆದ್ದರಿಂದ ನಾದದ ಗುಣವನ್ನು ಹೋಲಿಸುವಾಗ ಮೊದಲ ಬದಿಯನ್ನು ಬಿಟ್ಟುಬಿಡಿ. ಏಪ್ರಿಲ್‌ನಲ್ಲಿ ಮುದ್ರಿತವಾದ ಎರಡನೇ ಬದಿಯಲ್ಲಿ ಈ ತೊಡಕಿಲ್ಲ, ಅಲ್ಲಿ ಎರಡು ತಟ್ಟೆಗಳ ಶ್ರುತಿಯೂ ಒಂದೇ ಆಗಿರುತ್ತದೆ. ‘ಆಲ್ ಬ್ಲೂಸ್’ ರಚನೆಯನ್ನು ಹಾಕಿ, ಎರಡರ ಗಟ್ಟಿತನವನ್ನೂ ವಾಲ್ಯೂಮ್ ಗುಂಡಿಯಿಂದ ಸಮ ಮಾಡಿಕೊಂಡು (ಇದನ್ನು ಮಾಡದಿದ್ದರೆ ಜೋರಾಗಿ ಕೇಳುವ ತಟ್ಟೆಯೇ ಗೆಲ್ಲುತ್ತದೆ), ಜಿಮ್ಮಿ ಕಾಬ್ ಅವರ ತಾಳಫಲಕಗಳ ಅನುರಣನವನ್ನೂ ಪಾಲ್ ಚೇಂಬರ್ಸ್ ಅವರ ಬಾಸ್ ತಂತಿಯ ಮೀಟನ್ನೂ ಗಮನಿಸಿ. ಆಗಲೂ ವ್ಯತ್ಯಾಸ ಕಂಡರೆ ಅದು ಮಿಕ್ಸಿಂಗ್‌ಗೆ (ಟ್ರ್ಯಾಕುಗಳನ್ನು ಬೆರೆಸುವುದು) ಮತ್ತು ಮಾಸ್ಟರಿಂಗ್‌ಗೆ (ತಟ್ಟೆ ಅಚ್ಚಾಗುವ ಮೊದಲು ನಾದವನ್ನು ಕೊನೆಯದಾಗಿ ಹದಗೊಳಿಸುವುದು) ಸೇರಿದ್ದು. ಮೂಲ ಧ್ವನಿಮುದ್ರಣವು ಮೂರು ಟ್ರ್ಯಾಕಿನ ಟೇಪಿನಲ್ಲಿದೆ. ಅದನ್ನು ಎರಡು ಚಾನೆಲ್‌ಗೆ ಇಳಿಸುವಾಗ ವಾದ್ಯಗಳ ಪ್ರಮಾಣವೆಷ್ಟು, ಪ್ರತಿಧ್ವನಿಯೆಷ್ಟು ಎಂಬುದನ್ನು ಎಂಜಿನಿಯರ್ ನಿರ್ಧರಿಸುತ್ತಾರೆ. ಹೊಸದಾಗಿ ಮಿಕ್ಸ್ ಮಾಡಿದ ಆವೃತ್ತಿಯು ಹಳೆಯದರ ನಕಲಾಗಿರಬೇಕೆಂದಿಲ್ಲ.

ತೂಕದ ವಿಷಯ ಚಿಕ್ಕದು. ನಾದವಿರುವುದು ಮೇಲ್ಮೈಯಲ್ಲಿ ಸೂಜಿ ಸಾಗುವ ಸುರುಳಿ ತೋಡಿನಲ್ಲಿ, ಅದರ ಅಡಿಯ ಪ್ಲಾಸ್ಟಿಕ್ಕಿನ ದಪ್ಪದಲ್ಲಿ ಅಲ್ಲ. 180 ಗ್ರಾಂ ತಟ್ಟೆಗೆ ಗಟ್ಟಿತನವೇನೋ ಇದೆ, ಆದರೆ ಅಂಗಡಿಗಳು ಅದಕ್ಕೆ ಕೊಡುವ ಪ್ರಚಾರ ಅತಿಯಾಯಿತು. ನಡುವಿನ ರಂಧ್ರ ಸರಿಯಾದ ಕೇಂದ್ರದಲ್ಲಿದೆಯೇ ಎಂಬುದು ಇದಕ್ಕಿಂತ ಮುಖ್ಯ. ತಪ್ಪಿದ್ದರೆ ಪ್ರತಿ ಸುತ್ತಿಗೂ, ಅಂದರೆ 1.8 ಸೆಕೆಂಡಿಗೊಮ್ಮೆ, ನೀಳ ಸ್ವರಗಳು ಏರಿಳಿದು ತೂಗುತ್ತವೆ. ನಿಮ್ಮ ತಟ್ಟೆಯಲ್ಲಿ ಅಂಥ ತೂಗಾಟ ಕೇಳಿಸಿದರೆ ಮಾತ್ರ ಅಂಗಡಿಗೆ ಹಿಂದಿರುಗಿಸಿ, ಬದಲಿ ಕೇಳಬಹುದು.

ಒಂದು ಕೊರತೆ ಮಾತ್ರ ಎರಡು ತಟ್ಟೆಗಳಲ್ಲೂ ಇರುತ್ತದೆ. ಮೊದಲ ಬದಿ ಸುಮಾರು 25 ನಿಮಿಷಗಳಷ್ಟು ಉದ್ದವಿದ್ದು, ಕೊನೆಯ ‘ಬ್ಲೂ ಇನ್ ಗ್ರೀನ್’ ಲೇಬಲ್‌ನ ಸಮೀಪಕ್ಕೆ ಬರುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ 50 ಸೆಂಟಿಮೀಟರಿನಷ್ಟು ತೋಡು ಹಾದುಹೋದರೆ, ಒಳಗಡೆ ಅದು ಅರ್ಧಕ್ಕಿಂತ ಕಡಿಮೆಯಾಗುವುದರಿಂದ, ಮ್ಯೂಟ್ (ನಾದ ತಗ್ಗಿಸುವ ಮುಚ್ಚಳ) ಹಾಕಿದ ತುತ್ತೂರಿಯ ತೀಕ್ಷ್ಣ ನಾದ ಅಲ್ಲಿ ಒಡೆದಂತೆ ಕೇಳಬಹುದು. ಹಾಗೆ ಕೇಳಿದಲ್ಲಿ ಮತ್ತೊಂದು ಮರುಮುದ್ರಣಕ್ಕೆ ಹಣ ಹಾಕುವ ಮೊದಲು ಸೂಜಿ ಸವೆದಿದೆಯೇ, ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ ನೇರವಾಗಿ ಕೂತಿದೆಯೇ ಎಂದು ನೋಡಿಸಿಕೊಳ್ಳಿ.