ಮಹಾವಿಷ್ಣು ಆದ ಮೇಲೆ ಏನು ಕೇಳೋದು?

ತಬಲಾ ಕಲಿತಿದ್ದೀನಿ, ಜಾಝ್-ರಾಕ್ ತಂಡ ಮಹಾವಿಷ್ಣು ಆರ್ಕೆಸ್ಟ್ರಾ ಇಷ್ಟ, ಹಾಡುಗಾರಿಕೆ ಕಡಿಮೆ, ವಾದ್ಯವೇ ಹೆಚ್ಚು ಇರುವ ಅಪರೂಪದ ಆಲ್ಬಮ್ ಹೇಳಿ ಅಂದಿದ್ದೀರಿ. ಅದಕ್ಕೆ ಮೇಲೆ ಒಬ್ಬರು ಸಾಫ್ಟ್ ಮಷೀನ್ ಅನ್ನೋ ಇಂಗ್ಲಿಷ್ ತಂಡದ ‘ಥರ್ಡ್’ ಅಂದರು. 1970ರ ಆಲ್ಬಮ್, ಜೋಡಿ ಎಲ್‌ಪಿ ತಟ್ಟೆ, ಒಂದೊಂದು ಬದಿಗೆ ಒಂದೇ ರಚನೆ. ಚೆನ್ನಾಗಿದೆ, ಆದರೆ ಅದೇನು ಅಪರೂಪ ಅಲ್ವಲ್ಲ!

ನನ್ನ ಓಟು ಇಟಲಿಯ ಆರ್ಟಿ ಎ ಮೆಸ್ಟಿಯೆರಿಗೆ. ಟುರಿನ್ ಊರಿನ ತಂಡ, 1974ರ ‘ಟಿಲ್ಟ್’. ಮೊದಲ ರಚನೆಯ ಹೆಸರಿನಲ್ಲೇ 9.81 ಇದೆ. ಹೌದು, ಪಿಯುಸಿ ಫಿಸಿಕ್ಸಿನ ಗುರುತ್ವದ ಲೆಕ್ಕವೇ! ಡ್ರಮ್ಸ್ ಫುರಿಯೊ ಕಿರಿಕೊ. ತಿಲಕವಾಡಿಯ ರೂಮಿನಲ್ಲಿ, ಹೊರಗೆ ಜುಲೈ ಮಳೆ ಹೊಡೆಯುತ್ತಿದ್ದಾಗ ಮೊದಲ ಸಲ ಕೇಳಿದೆ. ಇಬ್ಬರು ಕೂತು ಬಾರಿಸುತ್ತಿದ್ದಾರೆ ಅನಿಸಿತು. ಕೈ ಅಷ್ಟು ಚುರುಕು. ಆದರೂ ಪಿಟೀಲು, ಸ್ಯಾಕ್ಸೊಫೋನು ಎಳೆಯುವ ರಾಗ ಎಲ್ಲೂ ಮುಳುಗುವುದಿಲ್ಲ. ಹಾಡುಗಾರಿಕೆ ಇದೆ, ಸ್ವಲ್ಪವೇ.

ನೀವು ತಬಲಾದವರು, ಬೆರಳು ತಾನಾಗಿ ತಾಳದ ಮಾತ್ರೆ ಎಣಿಸುತ್ತದೆ. ಮೊದಲ ಸಲ ಸಮ (ತಾಳದ ಆವರ್ತ ಶುರುವಾಗುವ ಪೆಟ್ಟು) ಹುಡುಕಬೇಡಿ, ಸುಮ್ನೆ ಕೇಳಿ. ಎರಡನೇ ಸಲ ಎಣಿಸಿ.

ಬ್ರ್ಯಾಂಡ್ ಎಕ್ಸ್ ಅನ್ನೋ ಇಂಗ್ಲಿಷ್ ಜಾಝ್-ರಾಕ್ ತಂಡದ ‘ಅನ್‌ಆರ್ಥೊಡಾಕ್ಸ್ ಬಿಹೇವಿಯರ್’ (1976) ಆಮೇಲೆ ಕೇಳಿದರೆ ಸಾಕು. ಅದರಲ್ಲಿ ಡ್ರಮ್ಸ್ ಬಾರಿಸಿದ್ದು ಫಿಲ್ ಕಾಲಿನ್ಸ್. ಅವರ ಪಾಪ್ ಹಾಡು ಮಾತ್ರ ಕೇಳಿದವರು ನಂಬುವುದೇ ಇಲ್ಲ ನೋಡಿ.