ಹುಟ್ಟಿದ ಕೂಡಲೇ ಏದುಸಿರು ಏಕೆ?

ಪ್ರಶ್ನೆ: ಮಗಳಿಗೆ 37 ವಾರಕ್ಕೆ, ಹೆರಿಗೆ ನೋವು ಬರುವ ಮೊದಲೇ ತುಮಕೂರಿನಲ್ಲಿ ಸಿಸೇರಿಯನ್ ಆಯಿತು. ಮಗು 2 ಕೆ.ಜಿ. 700 ಗ್ರಾಂ ಇತ್ತು, ಹುಟ್ಟಿದಾಗ ಚೆನ್ನಾಗಿ ಅತ್ತಿತು. ಒಂದೆರಡು ಗಂಟೆಯಲ್ಲಿ ಏದುಸಿರು ಶುರುವಾಯಿತು. ಶ್ವಾಸಕೋಶದಲ್ಲಿ ನೀರಿದೆ ಎಂದು ಆಕ್ಸಿಜನ್ ಕೊಟ್ಟರು, ಒಂದು ದಿನ ಹಾಲೂ ಕುಡಿಸಲಿಲ್ಲ. ಮೂರು ದಿನಕ್ಕೆ ಸರಿಹೋಗಿ ಈಗ ಮನೆಗೆ ಬಂದಿದ್ದೇವೆ. ಮಗು ಗರ್ಭದ ನೀರು ಕುಡಿದಿತ್ತೇ? ಮುಂದೆ ಉಬ್ಬಸ ಬರುತ್ತದೆಯೇ? ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕಬಹುದೇ?
– ಓದುಗರು, ಗುಬ್ಬಿ ತಾಲ್ಲೂಕು

ಉತ್ತರ: ಅದು ಮಗು ಕುಡಿದ ನೀರಲ್ಲ. ಗರ್ಭದಲ್ಲಿರುವಾಗ ಶ್ವಾಸಕೋಶವೇ ಒಂದು ದ್ರವವನ್ನು ಸುರಿಸಿ ತನ್ನ ಗಾಳಿಚೀಲಗಳನ್ನು ತುಂಬಿಟ್ಟುಕೊಂಡಿರುತ್ತದೆ. ಅವು ಬೆಳೆಯಲು ಅದು ಬೇಕು. ಹೆರಿಗೆ ನೋವು ಶುರುವಾದಾಗ ಮಗುವಿನ ರಕ್ತದಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರುತ್ತವೆ. ಅವು ಅಪ್ಪಣೆ ಕೊಟ್ಟ ಮೇಲೆ ಗಾಳಿಚೀಲದ ಗೋಡೆ ಸೋಡಿಯಂ ಹೀರತೊಡಗುತ್ತದೆ, ಅದರ ಬೆನ್ನಿಗೇ ನೀರೂ ಇಂಗಿ ರಕ್ತ ಸೇರುತ್ತದೆ. ಹೆರಿಗೆ ದಾರಿಯಲ್ಲಿ ಎದೆ ಹಿಂಡಿ ನೀರೆಲ್ಲ ಹೊರಬರುತ್ತದೆ ಎಂದು ಬಹಳ ಜನ ನಂಬುತ್ತಾರೆ. ಅದರ ಪಾಲು ಸಣ್ಣದು. ನೋವೇ ಬಾರದೆ ಹೊರತೆಗೆದ ಮಗುವಿಗೆ, ಅದರಲ್ಲೂ ದಿನ ತುಂಬುವ ಮುಂಚೆ, ಈ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೂ ಸಾಧ್ಯತೆ ಹೆಚ್ಚು.

ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ. ನೀರು ಉಳಿದಾಗ 60 ದಾಟಿ 80–100ಕ್ಕೂ ಹೋಗಬಹುದು. ಆ ವೇಗದಲ್ಲಿ ಹಾಲು ಚೀಪಿದರೆ ಅದು ಶ್ವಾಸನಾಳಕ್ಕೆ ನುಗ್ಗುವ ಭಯವಿದೆ, ಹಾಲು ನಿಲ್ಲಿಸಿದ್ದು ಅದಕ್ಕೇ. ಸಾಮಾನ್ಯವಾಗಿ 60–80ರ ನಡುವೆ ಇದ್ದರೆ ತಾಯಿಯ ಹಾಲನ್ನೇ ಹಿಂಡಿ ನಳಿಕೆಯಲ್ಲಿ ಕೊಡುತ್ತಾರೆ; 80 ಮೀರಿದರೆ ಗ್ಲೂಕೋಸ್ ಡ್ರಿಪ್. ಮೊದಲ ದಿನ ಕೆ.ಜಿ.ಗೆ 60 ಮಿ.ಲೀ. ಲೆಕ್ಕದಲ್ಲಿ ನಿಮ್ಮ ಮಗುವಿಗೆ ದಿನವಿಡೀ ಸುಮಾರು 160 ಮಿ.ಲೀ. ಸಾಕು. ಆ ಹೊತ್ತಿನಲ್ಲಿ ಬಾಣಂತಿ 2–3 ಗಂಟೆಗೊಮ್ಮೆ ಹಾಲು ಹಿಂಡದಿದ್ದರೆ ಎದೆ ಬತ್ತುತ್ತದೆ. ಇದನ್ನು ಎಷ್ಟೋ ಕಡೆ ಯಾರೂ ಹೇಳಿಕೊಡುವುದಿಲ್ಲ, ಹೇಳಲೇಬೇಕು.

ಆಂಟಿಬಯೋಟಿಕ್ ಕೊಟ್ಟಿದ್ದರೆ ಗಾಬರಿ ಬೇಡ. ಮೊದಲ ದಿನ ಎಕ್ಸ್‌ರೇಯಲ್ಲಿ ಇದಕ್ಕೂ ನ್ಯುಮೋನಿಯಾಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ರಕ್ತದ ಕಲ್ಚರ್‌ನಲ್ಲಿ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) 48 ಗಂಟೆಯಾದರೂ ಸೋಂಕು ಕಾಣದಿದ್ದರೆ ನಿಲ್ಲಿಸುತ್ತಾರೆ. ಮೂತ್ರ ಹೆಚ್ಚಿಸುವ ಔಷಧಿಯಿಂದ ಈ ನೀರು ಬೇಗ ಇಳಿಯುವುದಿಲ್ಲ. 24ರಿಂದ 72 ಗಂಟೆಯಲ್ಲಿ ತಾನಾಗಿ ಇಂಗುತ್ತದೆ, ಶ್ವಾಸಕೋಶಕ್ಕೆ ಊನವೇನೂ ಉಳಿಯುವುದಿಲ್ಲ. ಇಂಥ ಮಕ್ಕಳಲ್ಲಿ ಮುಂದೆ ಗೊರಗೊರ ಉಸಿರು ತುಸು ಹೆಚ್ಚು ಕಂಡುಬಂದಿದೆ ಎನ್ನುವ ಅಧ್ಯಯನಗಳಿವೆ, ಆದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿರಲಿ: ಒಮ್ಮೆ ಪೂರ್ತಿ ಇಳಿದ ಈ ತೊಂದರೆ ಮರಳಿ ಬರುವುದಿಲ್ಲ. ಮನೆಗೆ ಬಂದ ಮೇಲೆ ಏದುಸಿರು ಕಂಡರೆ "ಅದೇ ನೀರು, ಹೋಗುತ್ತೆ ಬಿಡಿ" ಎಂದು ಕೂರಬೇಡಿ. ಅದು ನ್ಯುಮೋನಿಯಾ, ರಕ್ತದ ಸೋಂಕು ಅಥವಾ ಹೃದಯದ ತೊಂದರೆ ಇರಬಹುದು.

ಎಣಿಸುವುದು ಹೀಗೆ. ಮಗು ಮಲಗಿರುವಾಗ ಅಂಗಿ ಮೇಲೆತ್ತಿ ಹೊಟ್ಟೆಯ ಏರಿಳಿತವನ್ನು ಪೂರಾ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಾಗುತ್ತದೆ. ಎಳೆಗೂಸು ಬೇಗಬೇಗ ಉಸಿರಾಡಿ 5–10 ಸೆಕೆಂಡ್ ನಿಲ್ಲಿಸುವುದು ಸಹಜ. 60 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ. ಆಗಲೂ ಹಾಗೇ ಇದ್ದರೆ ಆಸ್ಪತ್ರೆಗೆ ಹೊರಡಿ. ಪಕ್ಕೆ ಒಳಕ್ಕೆ ಎಳೆಯುವುದು, ಉಸಿರು ಬಿಡುವಾಗ ನರಳುವ ಸದ್ದು, ಮೂಗಿನ ಹೊಳ್ಳೆ ಅರಳುವುದು, ಹಾಲು ಬಿಡುವುದು, ಮೈ ತಣ್ಣಗಾಗುವುದು ಕಂಡರೆ ಎಣಿಸುತ್ತಲೂ ಕೂರಬೇಡಿ. ಅಂಗೈ, ಅಂಗಾಲು ಮೊದಲ ದಿನಗಳಲ್ಲಿ ತುಸು ನೀಲಿಯಾಗಿರಬಹುದು. ತುಟಿ, ನಾಲಿಗೆ ನೀಲಿಯಾದರೆ ಅಪಾಯ. 108ಕ್ಕೆ ಫೋನ್ ಮಾಡಿ, ಮಗುವಿಗೆ ಟೋಪಿ ಹಾಕಿ ತಾಯಿಯ ಎದೆಗೆ ಅಪ್ಪಿಸಿಕೊಂಡೇ ಕರೆದೊಯ್ಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೆ ಚಿಕಿತ್ಸೆ ಉಚಿತ.

ಸಾಂಬ್ರಾಣಿ ಹೊಗೆ ಬೇಡ, ಬಾಣಂತಿ ಕೋಣೆಯಲ್ಲಿ ಕೆಂಡವೂ ಬೇಡ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ಬೇರೆಯೇ ನ್ಯುಮೋನಿಯಾ ತರಬಹುದು. ಪಕ್ಕೆ ಎಳೆತಕ್ಕೆ ಹೊಟ್ಟೆಯ ಮೇಲೆ ಬರೆ ಹಾಕಿಸಲು ಯಾರು ಹೇಳಿದರೂ ಒಪ್ಪಬೇಡಿ.

ಪ್ರಶ್ನೆ: ಮೊದಲ ಹೆರಿಗೆ ಸಿಸೇರಿಯನ್. ಈಗ ಎರಡನೆಯದು. ಮನೆಯ ಹಿರಿಯರು ನಕ್ಷತ್ರ ನೋಡಿಸಿ ದಿನ ಗೊತ್ತು ಮಾಡಿದ್ದಾರೆ, ಅಂದಿಗೆ 37 ವಾರ 4 ದಿನ. ಒಪ್ಪಬಹುದೇ?
– ಓದುಗರು, ಶಿರಾ

ಉತ್ತರ: ಬೇಡಮ್ಮ. ಮೇಲೆ ಹೇಳಿದ ಏದುಸಿರು 39 ವಾರಕ್ಕಿಂತ 37ರಲ್ಲಿ ಬಹಳ ಹೆಚ್ಚು. ಮುಹೂರ್ತ ಬೇಕೇ ಬೇಕೆಂದರೆ 39 ವಾರ ತುಂಬಿದ ಮೇಲಿನ ದಿನಗಳಲ್ಲಿ ಹುಡುಕಲಿ. ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆ ದಿನಾಂಕಕ್ಕೆ ಸರಿಯಾಗಿ 7 ದಿನ ಮೊದಲು 39 ತುಂಬುತ್ತದೆ. ಆ ದಿನಾಂಕ ಮೊದಲ ಮೂರು ತಿಂಗಳ ಸ್ಕ್ಯಾನ್‌ಗೆ ತಾಳೆಯಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ರಕ್ತದೊತ್ತಡ, ರಕ್ತಸ್ರಾವ, ಮಗುವಿನ ಬೆಳವಣಿಗೆ ಕುಂಠಿತ ಎಂಬಂಥ ಕಾರಣಕ್ಕೆ ವೈದ್ಯರೇ ಬೇಗ ತೆಗೆಯಬೇಕೆಂದರೆ ಮಾತ್ರ ತಡ ಮಾಡಬೇಡಿ. ಗೊತ್ತಾದ ದಿನಕ್ಕೆ ಮೊದಲೇ ನೋವು ಬಂದರೆ, ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಇರುವುದರಿಂದ, ಆಗಲೇ ಆಸ್ಪತ್ರೆ ಸೇರಿ.