ಕೊನೆಯ ಬಸ್ಸು ಆರಕ್ಕೆ, ಅಂಗಡಿ ಮುಚ್ಚುವುದು ಏಳೂವರೆಗೆ

ಸಂಚಾರ ಪ್ರಶ್ನೋತ್ತರ
ಉತ್ತರಿಸುವವರು: ಶಿರಸಿಯ ನಿವೃತ್ತ ಬಸ್ ಸಂಚಾರ ನಿಯಂತ್ರಕರು

ಪ್ರಶ್ನೆ: ಸಿ.ಪಿ. ಬಜಾರಿನಲ್ಲಿ ನನ್ನದು ಬಟ್ಟೆ ಅಂಗಡಿ. ಗಿರಾಕಿಗಳಿಗೆ ಕಾರು ನಿಲ್ಲಿಸಲು ಜಾಗವೇ ಸಿಗುವುದಿಲ್ಲ. ಎರಡು ಸುತ್ತು ಹಾಕಿ ಬೇಸತ್ತು ಹೊರಟುಹೋಗುತ್ತಾರೆ. ಬಹುಮಹಡಿ ನಿಲುಗಡೆ ಕಟ್ಟಡ ಬೇಕಲ್ಲವೇ? ರಸ್ತೆ ಬದಿಗೆ ಶುಲ್ಕ ಹಾಕಿದರೆ ಇರುವ ವ್ಯಾಪಾರವೂ ಹೋದೀತು ಎಂಬ ಭಯ ನನಗೆ.
– ವರ್ತಕರೊಬ್ಬರು, ಶಿರಸಿ

ಉತ್ತರ: ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ನಿಮ್ಮ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ನೋಡಿ. ಹಳ್ಳಿಯ ಗಿರಾಕಿ ಆಗಿನ್ನೂ ಬಸ್ಸಿನಲ್ಲಿರುತ್ತಾನೆ. ರಸ್ತೆಯ ಅಂಚು ಮಾತ್ರ ಆಗಲೇ ತುಂಬಿರುತ್ತದೆ. ಯಾರ ವಾಹನಗಳು ಅವು? ಅಂಗಡಿ ಮಾಲೀಕರದ್ದು, ಕೆಲಸದವರದ್ದು, ಅಕ್ಕಪಕ್ಕದ ಬ್ಯಾಂಕು, ಕಚೇರಿಗಳವರದ್ದು. ಬಿಸಿಲಿಗೆ ಸೀಟು ಕಾಯದಿರಲೆಂದು ಗೋಣಿಚೀಲ ಹೊದಿಸಿದ ಬೈಕುಗಳನ್ನು ಗಮನಿಸಿ. ಸಂಜೆಯವರೆಗೆ ಅವು ಕದಲುವುದಿಲ್ಲ. ಒಂಬತ್ತರಿಂದ ಏಳರವರೆಗೆ ಒಂದೇ ಕಾರು ನಿಂತರೆ ಆ ಜಾಗ ಒಬ್ಬನಿಗಾಯಿತು. ಅರ್ಧ ಗಂಟೆಗೊಮ್ಮೆ ಬದಲಾದರೆ ಅದೇ ಜಾಗಕ್ಕೆ ಇಪ್ಪತ್ತು ಗಿರಾಕಿಗಳು ಬಂದುಹೋಗುತ್ತಾರೆ.

ಅಮೆರಿಕದ ಪಾಸಡೀನಾ ಊರಿನ ಹಳೆಯ ಪೇಟೆಯಲ್ಲೂ ಅಂಗಡಿಯ ನೌಕರರೇ ಬಾಗಿಲ ಮುಂದಿನ ಜಾಗ ಹಿಡಿದುಬಿಡುತ್ತಿದ್ದರು. ಶುಲ್ಕದ ಮಾತೆತ್ತಿದಾಗ ಅಲ್ಲಿನ ವರ್ತಕರೂ ನಿಮ್ಮಂತೆಯೇ ಹೆದರಿದರು. ವಸೂಲಾದ ಹಣವನ್ನು ಅದೇ ಬೀದಿಗಳ ಕಾಲುದಾರಿ, ದೀಪ, ಸ್ವಚ್ಛತೆಗೆ ಬಳಸುವುದೆಂದು ಮಾತಾದ ಮೇಲೆ ಒಪ್ಪಿದರು. 1993ರಲ್ಲಿ ನಿಲುಗಡೆ ಶುಲ್ಕದ ಮೀಟರ್ ಬಂತು, ಪಾಳುಬಿದ್ದಿದ್ದ ಪೇಟೆ ಚೇತರಿಸಿಕೊಂಡಿತು. ಇದನ್ನು ಅಧ್ಯಯನ ಮಾಡಿದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಹೇಳಿದ ಅಳತೆ ಸರಳ: ರಸ್ತೆ ಬದಿಯ ಜಾಗದಲ್ಲಿ ಶೇಕಡಾ 85ರಷ್ಟು ತುಂಬಿರಬೇಕು, ಬಂದವನಿಗೆ ಒಂದೆರಡು ಜಾಗ ಯಾವಾಗಲೂ ಖಾಲಿ ಸಿಗಬೇಕು. ಶುಲ್ಕ ಅಷ್ಟಕ್ಕೆ ಸಾಕಾಗುವಷ್ಟಿದ್ದರೆ ಆಯಿತು. ನಮ್ಮಲ್ಲಿ ಮೊದಲ ಅರ್ಧ ಗಂಟೆ ಉಚಿತವಿರಲಿ, ನಂತರ ಗಂಟೆ ಗಂಟೆಗೆ ಏರಲಿ. ಸೀರೆ ಕೊಳ್ಳಲು ಬಂದವರು ಹತ್ತಿಪ್ಪತ್ತು ರೂಪಾಯಿಗೆ ಹಿಂದೆಗೆಯುವುದಿಲ್ಲ. ಹಿಂದೆಗೆಯುವುದು ದಿನವಿಡೀ ನಿಲ್ಲಿಸುವವರು, ನಮಗೆ ಬೇಕಾದದ್ದೂ ಅದೇ.

ಕಟ್ಟಡದ ವಿಷಯ. ಕಾರು ನಿಲ್ಲಲು ಹನ್ನೆರಡು, ಹದಿಮೂರು ಚದರ ಮೀಟರ್ ಸಾಕು. ಒಳಗೆ ಬರುವ, ತಿರುಗುವ ದಾರಿ ಸೇರಿಸಿದರೆ ಬಯಲಿನಲ್ಲೇ 23, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಎಂದು ನಮ್ಮ ನಗರ ಯೋಜಕರು ಲೆಕ್ಕ ಹಿಡಿಯುತ್ತಾರೆ. ಪೇಟೆಯ ನಡುವಿನ ನೆಲದ ಬೆಲೆ ನಿಮಗೇ ಗೊತ್ತು. ಬಾಗಿಲ ಮುಂದೆ ಪುಕ್ಕಟೆ ಜಾಗವಿರುವಾಗ ಮೂರನೇ ಮಹಡಿಗೆ ಯಾರು ಹತ್ತಿಸುತ್ತಾರೆ? ಮೊದಲು ಅಂಚಿಗೆ ಶಿಸ್ತು ಬರಲಿ. ಆಮೇಲೂ ಸಾಲದಿದ್ದರೆ ಕಟ್ಟಡದ ಮಾತು.

ಇನ್ನೊಂದು ಮಾತು, ಬೇಸರಿಸಬೇಡಿ. ಬಾಗಿಲ ಮುಂದೆ ಕಲ್ಲು, ಸ್ಟೂಲು ಇಟ್ಟು ಜಾಗ ಕಾಯುವ ಹಕ್ಕು ಯಾವ ಅಂಗಡಿಗೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಂತೆ ನಿಲುಗಡೆ ಸ್ಥಳ ಗೊತ್ತುಮಾಡುವುದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ.

ಪ್ರಶ್ನೆ: ಹುಲೇಕಲ್ ರಸ್ತೆಯಿಂದ ಒಳಗಿರುವ ಹಳ್ಳಿ ನಮ್ಮದು. ಪೇಟೆಯ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಊರಿಗೆ ಕೊನೆಯ ಬಸ್ಸು ಆರಕ್ಕೆ ಹೊರಡುತ್ತದೆ, ನಮ್ಮ ಅಂಗಡಿ ಮುಚ್ಚುವುದು ಏಳೂವರೆಗೆ. ಸಾಲ ಮಾಡಿ ಸ್ಕೂಟರ್ ತೆಗೆದುಕೊಂಡೆ. ಈಗ ಅದನ್ನು ನಿಲ್ಲಿಸಿದ್ದಕ್ಕೆ ಬೈಗುಳ. ನಾನೇನು ಮಾಡಲಿ?
– ಓದುಗ ಮಹಿಳೆಯೊಬ್ಬರು

ಉತ್ತರ: ಮೇಲಿನ ಪತ್ರ ಬರೆದ ವರ್ತಕರು ನಿಮ್ಮ ಪತ್ರವನ್ನೂ ಓದಬೇಕು. ಅವರ ಗಿರಾಕಿಯ ಜಾಗ ಹೋಗಿರುವುದು ಆರು ಗಂಟೆಯ ಬಸ್ಸಿನಿಂದ.

ನಾನು ನಿಯಂತ್ರಣ ಕೊಠಡಿಯಲ್ಲಿ ಕುಳಿತು ಕಲಿತದ್ದು ಇಷ್ಟು: ಬೆಳಗಿನ ಬಸ್ಸು ಎಷ್ಟೇ ಚೆನ್ನಾಗಿರಲಿ, ಸಂಜೆ ಮನೆ ಮುಟ್ಟುವ ಭರವಸೆ ಇಲ್ಲದವರು ಬೆಳಿಗ್ಗೆಯೂ ಬಸ್ ಹತ್ತುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಉಚಿತ. ಆದರೆ ಏಳೂವರೆಗೆ ಬಸ್ಸೇ ಇಲ್ಲದಿದ್ದರೆ ಆ ಉಚಿತ ಟಿಕೆಟ್ ಯಾವ ಪ್ರಯೋಜನಕ್ಕೆ?

ಹಳ್ಳಿಯ ಕೊನೆಯ ಬಸ್ಸು ಸಾಮಾನ್ಯವಾಗಿ ವಸತಿ ಬಸ್ಸು. ರಾತ್ರಿ ಊರಲ್ಲೇ ನಿಂತು, ಬೆಳಗಿನ ಮೊದಲ ಟ್ರಿಪ್ಪಿಗೆ ಶಾಲೆ ಕಾಲೇಜಿನ ಮಕ್ಕಳನ್ನು ತುಂಬಿಕೊಂಡು ಪೇಟೆಗೆ ಬರುತ್ತದೆ. ಅದನ್ನು ಆರರಿಂದ ಏಳೂಮುಕ್ಕಾಲಿಗೆ ತಳ್ಳಲು ಹೊಸ ಬಸ್ಸು ಬೇಡ, ಹೊಸ ಸಿಬ್ಬಂದಿ ಬೇಡ. ಅಡ್ಡಿ ಇರುವುದು ಬೇರೆಡೆ. ಕತ್ತಲಲ್ಲಿ ಊರು ಮುಟ್ಟಿದ ಚಾಲಕ, ನಿರ್ವಾಹಕರಿಗೆ ಊಟ ಎಲ್ಲಿ? ಮಲಗುವುದೆಲ್ಲಿ? ಮಳೆಗಾಲದಲ್ಲಿ ಸೋರುವ ಬಸ್ಸಿನ ಸೀಟಿನ ಮೇಲೆ ಮಲಗಿ ಮುಂಜಾನೆ ಗಾಡಿ ಎತ್ತಿದವರನ್ನು ನಾನು ಬಲ್ಲೆ. ಬೀಗ ಹಾಕುವ ಒಂದು ಕೋಣೆ, ಶೌಚಾಲಯ, ಗಾಡಿ ತಿರುಗಿಸಲು ಕೆಸರಿಲ್ಲದ ಜಾಗ ಇವಿಷ್ಟನ್ನು ಊರವರು ಮಾಡಿಕೊಟ್ಟ ಕಡೆ ವೇಳೆ ಬದಲಿಸುವುದು ಸುಲಭವಾಗುತ್ತಿತ್ತು.

ಆದ್ದರಿಂದ ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಬರೆಯಿರಿ. "ಹೆಚ್ಚಿನ ಬಸ್ ಸೌಕರ್ಯ ಒದಗಿಸಿ" ಎಂದು ಬರೆದರೆ ಅದು ಕಡತ ಸೇರುತ್ತದೆ. ನಿಮ್ಮ ದಾರಿಯಲ್ಲಿ ಎಷ್ಟು ಜನ ಪೇಟೆಯಲ್ಲಿ ದುಡಿಯುತ್ತಾರೆ, ಯಾವ ನಿಲ್ದಾಣದಲ್ಲಿ ಇಳಿಯುತ್ತಾರೆ, ಎಷ್ಟು ಗಂಟೆಗೆ ಬಿಡುವಾಗುತ್ತದೆ ಎಂಬ ಪಟ್ಟಿ ಲಗತ್ತಿಸಿ. ಆರು ಗಂಟೆಯ ಬಸ್ಸಿನಿಂದಲೇ ಅನುಕೂಲವಿರುವವರ ಒಪ್ಪಿಗೆಯನ್ನೂ ಕೇಳಿ, ಇಲ್ಲದಿದ್ದರೆ ಮರುವಾರವೇ ಅವರ ಅರ್ಜಿ ಬರುತ್ತದೆ. ನಿಮ್ಮ ಮಾಲೀಕರ ಸಹಿಯನ್ನೂ ಹಾಕಿಸಿ. ಅವರಿಗೂ ಇದು ಬೇಕಾದದ್ದೇ.

ಪ್ರಶ್ನೆ: ಮಾರಿಕಾಂಬೆಯ ಜಾತ್ರೆಯಲ್ಲಿ ವಾಹನಗಳನ್ನು ದೂರದಲ್ಲೇ ತಡೆಯುತ್ತಾರೆ, ಜನ ನಡೆದೇ ದೇವಿಯ ಗದ್ದುಗೆಯಿರುವ ಬಿಡಕಿಬೈಲಿಗೆ ಹೋಗುತ್ತಾರೆ. ದಿನವೂ ಹಾಗೆ ಮಾಡಿದರೆ? ಆದರೆ ನನಗೆ ಮೊಣಕಾಲು ನೋವು.
– ಹಿರಿಯ ಓದುಗರು

ಉತ್ತರ: ಎರಡು ವರ್ಷಕ್ಕೊಮ್ಮೆಯ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ, ಆ ಬಿಗಿ ದಿನನಿತ್ಯಕ್ಕೆ ಬೇಡ. ಉಳಿಸಿಕೊಳ್ಳಬೇಕಾದದ್ದು ಒಂದೇ: ನಡೆಯಬಲ್ಲವರು ದೂರ ನಿಲ್ಲಿಸಬೇಕು. ಆಸ್ಪತ್ರೆ, ಔಷಧಿ ಅಂಗಡಿಗಳ ಎದುರಿನ ಜಾಗ ನಿಮ್ಮಂಥವರನ್ನು ಇಳಿಸಿ ಹತ್ತಿಸಲು ಮೀಸಲಿರಬೇಕು. ಒಂದು ಕಾರಿನ ಜಾಗದಲ್ಲಿ ಐದಾರು ಬೈಕು ಹಿಡಿಯುತ್ತವೆ, ಅವಕ್ಕೆ ಪ್ರತ್ಯೇಕ ಗೆರೆ ಎಳೆದರೆ ಕಾಲುದಾರಿ ನಿಮಗೆ ಬಿಡುವಾಗುತ್ತದೆ. ಮೊಣಕಾಲು ನೋಯುವವರಿಗೆ ಬೈಕು ತಪ್ಪಿಸಿಕೊಂಡು ರಸ್ತೆಗಿಳಿಯುವುದು ಅರ್ಧ ಫರ್ಲಾಂಗು ನಡೆಯುವುದಕ್ಕಿಂತ ಕಷ್ಟ. ವಾರ್ಡಿನ ಸದಸ್ಯರ ಮುಂದೆ ಈ ಮಾತನ್ನೇ ಮೊದಲು ಎತ್ತಿ.